ದಾನ ಪೂರ್ಣವಾಗುವುದು ಯಾವಾಗ? ಕೃತಕ ಕಾಲು, ಸ್ವೀಕಾರ ಮತ್ತು ಶುಶ್ರೂಷೆಯ ಧರ್ಮ

ವಸ್ತುವನ್ನು ಕೊಟ್ಟ ಕ್ಷಣದಲ್ಲಿಯೇ ದಾನ ಪೂರ್ಣವಾಗುತ್ತದೆಯೇ ಅಥವಾ ಆ ವಸ್ತು ಪಡೆದವರ ಬದುಕಿನಲ್ಲಿ ನೆಲೆಗೊಂಡ ಮೇಲೆ ಮಾತ್ರ ಪೂರ್ಣವಾಗುತ್ತದೆಯೇ ಎಂಬುದು ಭಾರತೀಯ ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಅನ್ನದಾನ, ವಸ್ತ್ರದಾನಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ತಲೆದೋರುವುದಿಲ್ಲ. ಉಂಡವರ ಹಸಿವು ಅಂದೇ ಇಂಗುತ್ತದೆ, ಉಟ್ಟವರ ಚಳಿ ಅಂದೇ ನೀಗುತ್ತದೆ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲನ್ನು ಕೊಡುವ ದಾನದಲ್ಲಾದರೋ ಕೊಟ್ಟ ದಿನಕ್ಕೂ ಫಲ ಸಿದ್ಧಿಸುವ ದಿನಕ್ಕೂ ನಡುವೆ ತಿಂಗಳುಗಳ ಅಂತರವಿರುತ್ತದೆ, ಮತ್ತು ಆ ಅಂತರವನ್ನು ದಾಟಿಸುವವರಿಲ್ಲದಿದ್ದರೆ ಕೊಟ್ಟ ಕಾಲು ಮನೆಯ ಗೋಡೆಯ ಗೂಟಕ್ಕೆ ಸೇರುವ ಸಂಭವವೇ ಹೆಚ್ಚು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳಂತಹ ಕೃಷಿಪ್ರಧಾನ ಪ್ರದೇಶದಲ್ಲಿ, ನಡೆಯಲಾಗದವರಿಗೆ ದುಡಿಮೆಯೇ ಇಲ್ಲವಾಗುವ ಕಡೆ, ಈ ಪ್ರಶ್ನೆ ಕೇವಲ ವೈದ್ಯಕೀಯವಾಗಿ ಉಳಿಯದೆ ಧರ್ಮದ ಪ್ರಶ್ನೆಯಾಗುತ್ತದೆ.

ಈ ಕುರಿತು ಅತ್ಯಂತ ಸ್ಪಷ್ಟವಾದ ವಿವೇಚನೆ ಕನ್ನಡನಾಡಿನಲ್ಲಿಯೇ ನಡೆದಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದ ವ್ಯವಹಾರಾಧ್ಯಾಯದಲ್ಲಿ ದಾನದ ಲಕ್ಷಣವನ್ನು ಎರಡು ಭಾಗಗಳಾಗಿ ಬಿಡಿಸಿದ್ದಾನೆ. ಕೊಡುವವನು ತನ್ನ ಸ್ವತ್ವವನ್ನು, ಅಂದರೆ ಒಡೆತನವನ್ನು, ತೊರೆಯುವುದು ಮೊದಲನೆಯದು. ಪಡೆಯುವವನಲ್ಲಿ ಆ ಒಡೆತನ ಹುಟ್ಟುವುದು ಎರಡನೆಯದು. ಎರಡನೆಯದು ಪಡೆಯುವವನ ಸ್ವೀಕಾರವಿಲ್ಲದೆ ಸಿದ್ಧಿಸುವುದಿಲ್ಲವೆಂದು ಹೇಳಿ, ಆ ಸ್ವೀಕಾರವನ್ನು ಅವನು ಮಾನಸಿಕ, ವಾಚಿಕ, ಕಾಯಿಕ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ‘ಇದು ನನ್ನದು’ ಎಂದು ಮನಸ್ಸಿನಲ್ಲಿ ನಿಶ್ಚಯಿಸುವುದು ಮಾನಸಿಕ ಸ್ವೀಕಾರ, ಅದನ್ನು ಮಾತಿನಲ್ಲಿ ಹೇಳುವುದು ವಾಚಿಕ, ವಸ್ತುವನ್ನು ಕೈಯಿಂದ ಮುಟ್ಟಿ ತೆಗೆದುಕೊಳ್ಳುವುದೇ ಮೊದಲಾದದ್ದು ಕಾಯಿಕ. ಭೂಮಿಯಂತಹ ವಸ್ತುವನ್ನು ಕೈಗೆತ್ತಿಕೊಳ್ಳಲು ಸಾಧ್ಯವಿಲ್ಲದ ಕಾರಣ, ಅದರ ಫಲವನ್ನು ಸ್ವಲ್ಪಮಟ್ಟಿಗಾದರೂ ಅನುಭವಿಸಿದಾಗಲೇ ಕಾಯಿಕ ಸ್ವೀಕಾರ ನಡೆದಂತಾಯಿತೆಂದು ಅವನ ನಿರ್ಣಯ. ವಸ್ತು ಬಂದ ದಾರಿಗೆ ‘ಆಗಮ’ವೆಂದೂ ಅದರ ಬಳಕೆಗೆ ‘ಭುಕ್ತಿ’ ಎಂದೂ ಧರ್ಮಶಾಸ್ತ್ರದ ಹೆಸರು; ಅಲ್ಪವೂ ಭುಕ್ತಿಯಿಲ್ಲದ ಕಡೆ ಆಗಮಕ್ಕೆ ಬಲವಿಲ್ಲವೆಂಬುದು ಯಾಜ್ಞವಲ್ಕ್ಯನ ಮಾತಿನ ತಾತ್ಪರ್ಯ.

ವಿಜ್ಞಾನೇಶ್ವರನ ಕಣ್ಣೆದುರಿಗಿದ್ದದ್ದು ಹೊಲಗದ್ದೆಗಳ ವ್ಯಾಜ್ಯವೇ ಹೊರತು ಅಂಗವೈಕಲ್ಯವಲ್ಲ. ಆದರೂ ಅವನ ವಿಭಾಗವನ್ನು ಕೃತಕ ಕಾಲಿಗೆ ಅನ್ವಯಿಸಿ ನೋಡಿದರೆ ಒಂದು ಮುಖ್ಯ ಸತ್ಯ ಗೋಚರಿಸುತ್ತದೆ. ವಿತರಣೆಯ ಸಭೆಯಲ್ಲಿ ಕಾಲನ್ನು ಪಡೆದು ಸಹಿ ಮಾಡಿದವರು ವಾಚಿಕ ಸ್ವೀಕಾರವನ್ನಷ್ಟೇ ಮುಗಿಸಿರುತ್ತಾರೆ. ಭೂಮಿಯಂತೆಯೇ ಕೃತಕ ಕಾಲಿನ ಫಲವೂ ಬಳಕೆಯಲ್ಲಿಯೇ ಇರುವುದರಿಂದ, ಅವರ ದೇಹ ಆ ಕಾಲಿನ ಮೇಲೆ ಭಾರ ಹಾಕಿ ನಡೆಯಲು ಕಲಿಯುವುದೇ ಕಾಯಿಕ ಸ್ವೀಕಾರ. ಅವರ ಮನಸ್ಸು ಅದನ್ನು ತನ್ನದೆಂದು ಒಪ್ಪುವುದು ಮಾನಸಿಕ ಸ್ವೀಕಾರ. ಈ ಎರಡೂ ಒಂದು ದಿನದಲ್ಲಿ ಆಗುವ ಕೆಲಸಗಳಲ್ಲ. ಆದುದರಿಂದ ಕಾಲು ಕೊಟ್ಟ ನಂತರದ ಆರೈಕೆ ದಾನಕ್ಕೆ ಸೇರಿಸಿದ ಹೆಚ್ಚುವರಿ ಉಪಕಾರವೆಂಬ ಭಾವನೆ ತಪ್ಪು; ಅದು ದಾನದ ಉಳಿದ ಭಾಗ, ಕೊಟ್ಟವರ ಮೇಲೆ ಇನ್ನೂ ಉಳಿದಿರುವ ಋಣ. ಪ್ರಸ್ತುತ ಪ್ರಬಂಧದ ವಾದ ಇಷ್ಟೇ.

ಕೃತಕ ಕಾಲಿನ ಕಲ್ಪನೆ ಈ ನೆಲಕ್ಕೆ ಹೊಸದಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಋಗ್ವೇದದ ಮೊದಲನೆಯ ಮಂಡಲದ 116ನೆಯ ಸೂಕ್ತದಲ್ಲಿ, ಖೇಲನ ಕಡೆಯ ವಿಶ್ಪಲೆ ಎಂಬವಳು ಕಾಲು ಕಳೆದುಕೊಂಡಾಗ ದೇವವೈದ್ಯರಾದ ಅಶ್ವಿನೀದೇವತೆಗಳು ಅವಳಿಗೆ ಲೋಹದ ಕಾಲನ್ನು ಜೋಡಿಸಿದ ಪ್ರಸಂಗವಿದೆ. ಆ ಸೂಕ್ತವು ಕಾಲನ್ನು ಕೊಟ್ಟದ್ದನ್ನಷ್ಟೇ ಹೇಳಿ ನಿಲ್ಲದೆ, ಪಣವೊಡ್ಡಿದ ಕಣದಲ್ಲಿ ಅವಳು ಮತ್ತೆ ಚಲಿಸುವಂತಾಗಲೆಂಬ ಉದ್ದೇಶವನ್ನೂ ಹೇಳುತ್ತದೆ. ಕೃತಕಾಂಗದ ದಾನದ ಗುರಿ ಅಂಗವಲ್ಲ, ಚಲನೆ ಎಂಬ ತಿಳಿವಳಿಕೆ ಅಷ್ಟು ಪ್ರಾಚೀನವಾದುದು.

ಕಾಯಿಕ ಸ್ವೀಕಾರ ಏಕೆ ದೀರ್ಘಕಾಲದ್ದೆಂಬುದನ್ನು ದೇಹದ ನಡವಳಿಕೆಯೇ ವಿವರಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಉಳಿದ ಕಾಲಿನ ಭಾಗ, ಅಂದರೆ ತಂತ್ರಜ್ಞರು ‘ಸ್ಟಂಪ್’ ಎನ್ನುವ ಭಾಗ, ಊದಿಕೊಂಡಿರುತ್ತದೆ. ಬಿಗಿ ಬ್ಯಾಂಡೇಜು ಸುತ್ತುತ್ತ ಬಂದಂತೆ ಊತ ಇಳಿಯುತ್ತದೆ, ಬಳಸದ ಸ್ನಾಯುಗಳು ಕರಗುತ್ತವೆ, ಮತ್ತು ಈ ಇಳಿತ ಹಲವು ತಿಂಗಳು ಮುಂದುವರಿಯುತ್ತದೆ. ಸ್ಟಂಪನ್ನು ಒಳಗೊಳ್ಳುವ ಗಟ್ಟಿಯಾದ ಹೊರಕವಚಕ್ಕೆ ‘ಸಾಕೆಟ್’ ಎನ್ನುತ್ತಾರೆ. ಜೋಡಿಸಿದ ದಿನ ಸರಿಯಾಗಿ ಕೂತ ಸಾಕೆಟ್ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಆಗ ಸ್ಟಂಪ್ ಒಳಕ್ಕೆ ಕುಸಿದು, ಭಾರ ಹೊರಬಾರದ ಮೂಳೆಯ ತುದಿ ಭಾರ ಹೊತ್ತು, ಚರ್ಮ ಉಜ್ಜಿ ಹುಣ್ಣಾಗುತ್ತದೆ. ಆರಂಭದಲ್ಲಿ ಒಂದರ ಮೇಲೊಂದು ಕಾಲುಚೀಲ ಹಾಕಿ ಈ ಸಡಿಲವನ್ನು ತುಂಬಬಹುದಾದರೂ ಒಂದು ಹಂತದ ನಂತರ ಹೊಸ ಸಾಕೆಟ್ ಮಾಡಿಸಲೇಬೇಕು. ಇದನ್ನು ತಿಳಿಹೇಳುವವರಿಲ್ಲದಿದ್ದಾಗ ಪಡೆದವರು ಕಾಲೇ ಕೆಟ್ಟದ್ದೆಂದು ಅಥವಾ ತಮ್ಮ ದೇಹಕ್ಕೆ ಅದು ಒಗ್ಗುವುದಿಲ್ಲವೆಂದು ಭಾವಿಸಿ, ಊರುಗೋಲಿಗೆ ಮರಳುತ್ತಾರೆ.

ಇದರ ಜೊತೆಗೆ ಕೀಲುಗಳ ಬಿಗಿತದ ಸಮಸ್ಯೆಯಿದೆ. ಮೊಣಕಾಲನ್ನು ಮಡಿಸಿ ಕೂತೇ ದಿನ ಕಳೆಯುವುದರಿಂದಲೂ, ನೋವು ಕಡಿಮೆಯಾಗಲೆಂದು ಅದರ ಕೆಳಗೆ ದಿಂಬಿಟ್ಟು ಮಲಗುವುದರಿಂದಲೂ ಸ್ನಾಯುಗಳು ಗಿಡ್ಡವಾಗಿ ಕೀಲು ನೇರವಾಗದಂತೆ ಬಿಗಿಯುತ್ತದೆ, ಮತ್ತು ಒಮ್ಮೆ ಹಾಗಾದರೆ ಎಷ್ಟು ಒಳ್ಳೆಯ ಕೃತಕ ಕಾಲೂ ನಿರುಪಯುಕ್ತವಾಗುತ್ತದೆ. ದಿನವೂ ಕೆಲಹೊತ್ತು ಬೋರಲು ಮಲಗುವುದು, ಸೊಂಟ ಮತ್ತು ಮೊಣಕಾಲಿನ ವ್ಯಾಯಾಮ, ಸಮಾನಾಂತರ ಕಂಬಿಗಳ ನಡುವೆ ನಿಂತು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವ ಅಭ್ಯಾಸ, ಆಮೇಲೆ ಇಳಿಜಾರು, ಮೆಟ್ಟಿಲು, ಉಬ್ಬುತಗ್ಗಿನ ನೆಲ, ನೆಲದಿಂದ ಏಳುವುದು, ಬಿದ್ದರೆ ಪೆಟ್ಟಾಗದಂತೆ ಬೀಳುವುದು: ಇವು ಕ್ರಮವಾಗಿ ಕಲಿಯಬೇಕಾದ ವಿದ್ಯೆಗಳು. ರಾತ್ರಿ ಕಾಲು ಬಿಚ್ಚಿದ ಮೇಲೆ ಸ್ಟಂಪನ್ನು ತೊಳೆದು, ಒಣಗಿಸಿ, ಕೆಳಭಾಗವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಸ್ವಲ್ಪ ಹೊತ್ತಿನಲ್ಲಿ ಮಾಯವಾಗದ ಕೆಂಪು ಕಂಡರೆ ಅದು ಹುಣ್ಣಿನ ಮುನ್ಸೂಚನೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಲ್ಲಿ ನರಗಳ ಸ್ಪರ್ಶಜ್ಞಾನ ಕುಂದಿರುವುದರಿಂದ ಗಾಯವಾದರೂ ನೋವು ತಿಳಿಯುವುದಿಲ್ಲ, ಉಳಿದ ಇನ್ನೊಂದು ಕಾಲಿಗೂ ಅದೇ ಅಪಾಯವಿರುತ್ತದೆ. ಅಂತಹವರ ವಿಷಯದಲ್ಲಿ ಕೃತಕ ಕಾಲಿನ ಆರೈಕೆ ಎಂದರೆ ಉಳಿದ ಕಾಲನ್ನು ಕಾಯುವುದೂ ಹೌದು. ಮಕ್ಕಳು ಬೆಳೆದಂತೆ ಕಾಲನ್ನು ಮತ್ತೆ ಮತ್ತೆ ಬದಲಿಸಬೇಕು. ವಯಸ್ಕರ ಕಾಲೂ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಈ ಕಾರಣಗಳಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೃತಕಾಂಗ ಸೇವೆಯ ಮಾನದಂಡಗಳಲ್ಲಿ ಪರೀಕ್ಷೆ, ತಯಾರಿಕೆ ಮತ್ತು ಜೋಡಣೆ, ಬಳಕೆದಾರರ ತರಬೇತಿ, ವಿತರಣೆ ಮತ್ತು ಅನುಸರಣೆ ಎಂಬ ನಾಲ್ಕು ಹಂತಗಳನ್ನು ಹೇಳಿದೆ. ತರಬೇತಿಯೂ ಅನುಸರಣೆಯೂ ಇಲ್ಲದೆ ಸೇವೆ ಮುಗಿಯಿತೆನ್ನಲು ಅದು ಅವಕಾಶ ಕೊಡುವುದಿಲ್ಲ.

ಮಾನಸಿಕ ಸ್ವೀಕಾರ ಇನ್ನೂ ಸೂಕ್ಷ್ಮವಾದುದು. ಕತ್ತರಿಸಿದ ಕಾಲು ಇನ್ನೂ ಇದೆಯೆಂಬಂತೆ ಅದರ ಬೆರಳುಗಳಲ್ಲಿ ತುರಿಕೆ, ಉರಿ, ಸೆಳೆತ ಅನುಭವವಾಗುವುದುಂಟು. ಇಲ್ಲದ ಅಂಗದ ಈ ನೋವನ್ನು ವೈದ್ಯರು ‘ಫ್ಯಾಂಟಮ್’ ನೋವು ಎನ್ನುತ್ತಾರೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಕನ್ನಡಿಯನ್ನು ಬಳಸಿ ಈ ನೋವನ್ನು ತಗ್ಗಿಸುವ ವಿಧಾನವನ್ನು ರೂಪಿಸಿ, ದೇಹದ ಚಿತ್ರವನ್ನು ಮಿದುಳೇ ಕಟ್ಟಿಕೊಂಡಿರುತ್ತದೆಂಬುದನ್ನು ಲೋಕದ ಗಮನಕ್ಕೆ ತಂದರು. ಒಂದೆಡೆ ಮನಸ್ಸು ಕಳೆದ ಕಾಲನ್ನು ಬಿಡಲೊಲ್ಲದು, ಇನ್ನೊಂದೆಡೆ ಬಂದ ಕಾಲನ್ನು ಒಪ್ಪಲೊಲ್ಲದು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಲ್ಲಿ ವಿವರಿಸಿದ ‘ಅಧ್ಯಾಸ’, ಅಂದರೆ ಒಂದರ ಧರ್ಮವನ್ನು ಇನ್ನೊಂದರ ಮೇಲೆ ಆರೋಪಿಸುವಿಕೆ, ಈ ಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ: ದೇಹದ ಗುಣಗಳನ್ನು ಮನುಷ್ಯ ತನ್ನ ಮೇಲೆ ಹೊರಿಸಿಕೊಂಡು ‘ನಾನು ಕೃಶ, ನಾನು ನಡೆಯುತ್ತೇನೆ’ ಎನ್ನುತ್ತಾನೆ, ಮತ್ತು ಎಲ್ಲ ಲೋಕವ್ಯವಹಾರವೂ ಈ ಆರೋಪದ ಮೇಲೆಯೇ ನಿಂತಿದೆ. ಕಾಲು ಕಳೆದುಕೊಂಡವರನ್ನು ‘ದೇಹ ನಶ್ವರ, ಆತ್ಮಕ್ಕೆ ಊನವಿಲ್ಲ’ ಎಂದು ಸಂತೈಸುವ ರೂಢಿ ಹಳ್ಳಿಹಳ್ಳಿಯಲ್ಲಿದೆ. ಪರಮಾರ್ಥದಲ್ಲಿ ಆ ಮಾತು ನಿಜವೆಂದೇ ಇಟ್ಟುಕೊಂಡರೂ, ವ್ಯವಹಾರದ ನೆಲೆಯಲ್ಲಿ ದೇಹಕ್ಕೆ ಸಲ್ಲಬೇಕಾದುದನ್ನು ತಪ್ಪಿಸಲು ಅದನ್ನು ಬಳಸುವುದು ವೇದಾಂತಕ್ಕೆ ಮಾಡುವ ಅಪಚಾರ. ಎರಡು ನೆಲೆಗಳನ್ನು ಬೆರೆಸಬಾರದೆಂಬುದು ಆ ದರ್ಶನದ ಮೊದಲ ಶಿಸ್ತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಸ್ವೀಕಾರದ ಹಾದಿ ಯಾವ ನೆಲದ ಮೇಲೆ ಹಾಯಬೇಕೆಂಬುದನ್ನು ಗಮನಿಸದೆ ಧರ್ಮದ ಮಾತು ಪೂರ್ಣವಾಗುವುದಿಲ್ಲ. ಕೆ.ಆರ್.ನಗರದ ಕಾವೇರಿ ನಾಲಾಬಯಲಿನಲ್ಲಿ ಭತ್ತದ ಗದ್ದೆಯ ಬದು ಕಿರಿದಾಗಿಯೂ ಜಾರುವಂತೆಯೂ ಇರುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆಯಿದ್ದು, ಮುಂಗಾರಿನಲ್ಲಿ ನಾಟಿ, ಆಮೇಲೆ ಎಲೆ ಕೊಯ್ದು, ಅದನ್ನು ಹದಗೊಳಿಸುವ ಬ್ಯಾರನ್ನಿನಲ್ಲಿ ಹಗಲಿರುಳು ಬೆಂಕಿ ಕಾಯುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಎಚ್.ಡಿ.ಕೋಟೆಯ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಹಾಡಿಗಳಿಗೆ ಹೋಗುವ ದಾರಿಗಳು ಏರಿಳಿತದವು. ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಅವರ ಸಹಯೋಗದಲ್ಲಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ರಬ್ಬರಿನ ಪಾದ ಇಂತಹ ಬದುಕಿಗಾಗಿಯೇ ಹುಟ್ಟಿದ್ದು. ಅದನ್ನು ಧರಿಸಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ನೀರಿಗಿಳಿಯಬಹುದು. ಆದರೆ ಪಾದ ನೆಲಕ್ಕೆ ತಕ್ಕದ್ದಾದ ಮಾತ್ರಕ್ಕೆ ಸಾಕೆಟ್ಟಿನ ಸಡಿಲ ತಪ್ಪುವುದಿಲ್ಲ. ತಾಲ್ಲೂಕು ಕೇಂದ್ರಗಳೇ ಮೈಸೂರಿನಿಂದ ಸುಮಾರು 40ರಿಂದ 65 ಕಿ.ಮೀ. ದೂರದಲ್ಲಿರುವಾಗ, ಸಣ್ಣ ದುರಸ್ತಿಗೂ ನಗರಕ್ಕೆ ಹೋಗಬೇಕೆಂದರೆ ಬಸ್ಸಿನ ಖರ್ಚಿನ ಜೊತೆಗೆ ಹೋಗುವವರ ಮತ್ತು ಕರೆದೊಯ್ಯುವವರ ಇಬ್ಬರ ಕೂಲಿಯೂ ತಪ್ಪುತ್ತದೆ.

ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಹೇಳಲೇಬೇಕಾದ ಇನ್ನೊಂದು ಮಾತುಂಟು. ತಂಬಾಕು ಸೇವನೆ ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬರ್ಗರ್ ಕಾಯಿಲೆ ಎಂಬ ರೋಗದಲ್ಲಿ ಅವು ಮುಚ್ಚಿಹೋಗಿ, ಬೆರಳುಗಳಿಂದ ಆರಂಭಿಸಿ ಅಂಗ ಕೊಳೆಯುತ್ತದೆ, ಮತ್ತು ತಂಬಾಕನ್ನು ಸಂಪೂರ್ಣ ಬಿಡುವುದೊಂದೇ ಅದನ್ನು ತಡೆಯುವ ಖಚಿತ ಮಾರ್ಗ. ಅಂತಹವರಿಗೆ ಕಾಲು ಕೊಟ್ಟು ಬೀಡಿ ಬಿಡಿಸದಿದ್ದರೆ ಇನ್ನೊಂದು ಕಾಲಿಗೂ ಕೃತಕ ಕಾಲಿನ ವಿತರಣಾ ಶಿಬಿರ ನಡೆಸಬೇಕಾದೀತು. ಚಟ ಬಿಡಿಸುವ ಮಾತು ಒಂದು ದಿನದ ಉಪದೇಶದಿಂದ ಫಲಿಸುವುದಿಲ್ಲ; ಅದಕ್ಕೆ ಮತ್ತೆ ಮತ್ತೆ ಬಂದು ವಿಚಾರಿಸುವ ಬಾಂಧವ್ಯ ಬೇಕು.

ಹೀಗೆ ಮತ್ತೆ ಮತ್ತೆ ಬಂದು ವಿಚಾರಿಸುವುದನ್ನು ದಾನಕ್ಕಿಂತ ಬೇರೆಯಾದ, ಸ್ವತಂತ್ರ ಸಾಧನೆಯೆಂದು ಗುರುತಿಸಿದ ಶ್ರೇಯಸ್ಸು ಜೈನ ಚಿಂತನೆಗೆ ಸಲ್ಲುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅನುಗ್ರಹಕ್ಕಾಗಿ, ಅಂದರೆ ಹಿತಕ್ಕಾಗಿ, ತನ್ನದನ್ನು ಬಿಟ್ಟುಕೊಡುವುದು ದಾನವೆಂದು ಹೇಳಿ, ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಅದರ ಹಿರಿಮೆ ಬದಲಾಗುತ್ತದೆಂದು ವಿವರಿಸುತ್ತದೆ. ಕೊಡುವ ವಸ್ತು ಈ ನಾಲ್ಕರಲ್ಲಿ ಒಂದು ಮಾತ್ರ. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯ ಆರು ಬಗೆಯ ಆಂತರಿಕ ತಪಸ್ಸುಗಳನ್ನು ಎಣಿಸುವಾಗ ‘ವೈಯಾವೃತ್ತ್ಯ’ವನ್ನು, ಅಂದರೆ ರೋಗಿಗಳೂ ಸೇರಿದಂತೆ ಸಂಘದವರ ಶುಶ್ರೂಷೆಯನ್ನು, ಸ್ವಾಧ್ಯಾಯ ಮತ್ತು ಧ್ಯಾನಗಳ ಸಾಲಿನಲ್ಲಿಯೇ ಇರಿಸುತ್ತದೆ. ಮೂಲದಲ್ಲಿ ಇದು ಮುನಿಸಂಘದ ಒಳಗಿನ ಕರ್ತವ್ಯ. ಅದನ್ನು ಗೃಹಸ್ಥರ ಲೋಕಕ್ಕೆ ವಿಸ್ತರಿಸುವುದು ಈ ಪ್ರಬಂಧದ ಸ್ವಂತ ತೀರ್ಮಾನವಾದರೂ, ಅದು ಗ್ರಂಥದ ಆಶಯಕ್ಕೆ ವಿರುದ್ಧವಲ್ಲ. ಈ ಚಿಂತನೆ ಇಲ್ಲಿನ ನೆಲಕ್ಕೆ ಪರಕೀಯವೂ ಅಲ್ಲ: ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿಯ ವಿಗ್ರಹವಿದೆ, ಹಳೆಯ ಕೆ.ಆರ್.ನಗರ ತಾಲ್ಲೂಕಿನ ಚಿಕ್ಕ ಹನಸೋಗೆ ತ್ರಿಕೂಟ ಬಸದಿಯ ನೆಲೆಯಾಗಿ, ಒಂದು ಮುನಿಪರಂಪರೆಗೆ ಹೆಸರು ಕೊಟ್ಟ ಊರಾಗಿ ಪ್ರಸಿದ್ಧ. ಜೈಪುರ ಕಾಲನ್ನು ಉಚಿತವಾಗಿ ಜೋಡಿಸುವ, 1975ರಲ್ಲಿ ಡಿ.ಆರ್. ಮೆಹತಾ ಅವರು ಸ್ಥಾಪಿಸಿದ ಸಮಿತಿಯೂ ಮಹಾವೀರನ ಹೆಸರನ್ನೇ ಹೊತ್ತಿದೆ.

ಆಯುರ್ವೇದವೂ ಇದೇ ನಿಲುವನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ದ್ರವ್ಯ, ಉಪಸ್ಥಾತೃ ಮತ್ತು ರೋಗಿ ಎಂಬ ನಾಲ್ಕು ಅಂಗಗಳನ್ನು ಹೇಳಿದೆ. ಉಪಸ್ಥಾತೃ ಎಂದರೆ ಬಳಿಯಲ್ಲಿದ್ದು ಉಪಚರಿಸುವವರು. ಉಪಚಾರದ ತಿಳಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಅವರ ಗುಣಗಳು. ಕೃತಕ ಕಾಲಿನ ಶಿಬಿರಗಳಲ್ಲಿ ವೈದ್ಯರು, ದ್ರವ್ಯ, ರೋಗಿ ಮೂವರೂ ಇರುತ್ತಾರೆ, ಇಲ್ಲದಿರುವುದು ನಾಲ್ಕನೆಯವರು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಕಾಲು ಹೋದದ್ದು ಪೂರ್ವಕರ್ಮದ ಫಲವಾದರೆ ಅದನ್ನು ಅನುಭವಿಸಿಯೇ ತೀರಿಸಬೇಕಲ್ಲವೇ ಎಂಬ ಭಾವ, ಬಾಯಿಬಿಟ್ಟು ಹೇಳದಿದ್ದರೂ, ಪಡೆದವರ ಮತ್ತು ಅವರ ಮನೆಯವರ ಮನಸ್ಸಿನಲ್ಲಿ ಕೆಲಸ ಮಾಡುತ್ತಿರುತ್ತದೆ, ಮತ್ತು ಅದು ಅಭ್ಯಾಸದ ಉತ್ಸಾಹವನ್ನೇ ಕುಗ್ಗಿಸುತ್ತದೆ. ಆದರೆ ಕರ್ಮಸಿದ್ಧಾಂತವನ್ನು ಒಪ್ಪಿದ ಗ್ರಂಥಗಳೇ ಇದಕ್ಕೆ ಉತ್ತರ ಕೊಟ್ಟಿವೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಆಯುಷ್ಯವು ದೈವ ಮತ್ತು ಪುರುಷಕಾರ, ಅಂದರೆ ಈ ಜನ್ಮದ ಪ್ರಯತ್ನ, ಎರಡನ್ನೂ ಅವಲಂಬಿಸಿದೆಯೆಂದೂ ಪ್ರಬಲವಾದ ಪ್ರಯತ್ನ ದುರ್ಬಲವಾದ ದೈವವನ್ನು ಮೀರಬಲ್ಲದೆಂದೂ ಹೇಳುತ್ತದೆ. ಯೋಗವಾಸಿಷ್ಠದ ಮುಮುಕ್ಷು ಪ್ರಕರಣ ಪೌರುಷವನ್ನೇ ಎತ್ತಿಹಿಡಿಯುತ್ತದೆ. ಮುಖ್ಯವಾಗಿ, ಕರ್ಮದ ವಿಚಾರ ತನ್ನ ನಡತೆಯನ್ನು ತಿದ್ದಿಕೊಳ್ಳಲು ಇರುವುದೇ ಹೊರತು, ಪರರ ಕಷ್ಟದ ಎದುರು ಕೈಕಟ್ಟಿ ಕೂರಲು ಸಬೂಬಲ್ಲ.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು: ಬೆನ್ನುಹತ್ತಿ ಆರೈಕೆ ಮಾಡುತ್ತಿದ್ದರೆ ಪಡೆದವರು ಎಂದೆಂದಿಗೂ ಪರಾವಲಂಬಿಗಳಾಗುವುದಿಲ್ಲವೇ? ಇದಕ್ಕೆ ಶರಣರ ಚಿಂತನೆಯಲ್ಲಿ ಉತ್ತರವಿದೆ. ಬಸವಣ್ಣನ ಪ್ರಸಿದ್ಧ ವಚನವೊಂದು ಮನುಷ್ಯದೇಹವನ್ನೇ ದೇವಾಲಯವಾಗಿ ಕಂಡು ಕಾಲುಗಳಿಗೆ ಕಂಬಗಳ ಸ್ಥಾನ ಕೊಟ್ಟಿದೆ. ಆ ದೇಹ ನೆರವೇರಿಸುವ ಪೂಜೆ ಕಾಯಕ, ಅಂದರೆ ನಿಷ್ಠೆಯಿಂದ ಮಾಡುವ ಸತ್ಯಶುದ್ಧವಾದ ದುಡಿಮೆ. ಆ ದುಡಿಮೆಯ ಫಲವನ್ನು ಅಹಂಕಾರವಿಲ್ಲದೆ ಸಮಾಜಕ್ಕೆ ಅರ್ಪಿಸುವುದು ದಾಸೋಹ. ಅಕ್ಕಿ ಆಯುವ ಕಾಯಕದ ಶರಣೆ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ತಿದ್ದಿದವಳು. ಬಡವರೂ ದಾಸೋಹಿಗಳಾಗಬಲ್ಲರೆಂಬುದಕ್ಕೆ ಆ ದಂಪತಿಗಳೇ ನಿದರ್ಶನ. ಈ ದೃಷ್ಟಿಯಿಂದ ನೋಡಿದರೆ ಪುನರ್ವಸತಿಯ ಗುರಿ ಪಡೆದವರನ್ನು ಸದಾ ಪಡೆಯುವವರಾಗಿ ಇರಿಸುವುದಲ್ಲ, ಅವರ ಕಾಯಕವನ್ನು ಅವರಿಗೆ ಮರಳಿಸುವುದು. ಸ್ಟಂಪಿನ ಆರೈಕೆ, ಕಾಲುಚೀಲದ ಲೆಕ್ಕ, ಸಡಿಲದ ಗುರುತು ಇವನ್ನು ಸ್ವತಃ ಬಲ್ಲವರಿಗೆ ಪರರ ನೆರವಿನ ಅಗತ್ಯ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಆರೈಕೆಯೇ ಇಲ್ಲದೆ ಮೂಲೆಗುಂಪಾದವರು ಮಾತ್ರ ಜೀವನವಿಡೀ ಪರಾವಲಂಬಿಗಳಾಗುತ್ತಾರೆ. ಹಾಗೆಯೇ ಗುರಿಯನ್ನು ನಿರ್ಧರಿಸುವ ಹಕ್ಕೂ ಪಡೆದವರದೇ: ಒಬ್ಬರಿಗೆ ಗದ್ದೆಯ ಬದುವಿನ ಮೇಲೆ ನಡೆಯುವುದು ಮುಖ್ಯವಾದರೆ, ಇನ್ನೊಬ್ಬರಿಗೆ ಬೆಟ್ಟದಪುರದ ಬೆಟ್ಟದ ಮೆಟ್ಟಿಲು ಹತ್ತಿ ಸಿಡಿಲು ಮಲ್ಲಿಕಾರ್ಜುನನ ದರ್ಶನ ಪಡೆಯುವುದು ಮುಖ್ಯವಾಗಬಹುದು.

ಈ ಋಣವನ್ನು ತೀರಿಸುವ ದಾರಿಗಳು ಇಲ್ಲವೆಂದೇನೂ ಅಲ್ಲ. ಭಾರತ 2007ರಲ್ಲಿ ಅನುಮೋದಿಸಿದ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 26ನೆಯ ವಿಧಿ ಪುನರ್ವಸತಿ ಸೇವೆಗಳು ಜನರ ವಾಸಸ್ಥಳಕ್ಕೆ, ಗ್ರಾಮಪ್ರದೇಶಗಳಿಗೂ ಸಮೀಪವಾಗಿರಬೇಕೆಂದು ಹೇಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 27ನೆಯ ಪ್ರಕರಣ ಆರೋಗ್ಯ, ಶಿಕ್ಷಣ, ಉದ್ಯೋಗಗಳ ಪುನರ್ವಸತಿಯನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಗೌರವಧನಕ್ಕೆ ದುಡಿಯುವ, ಸ್ವತಃ ಅಂಗವೈಕಲ್ಯದ ಅನುಭವವಿರುವ ಈ ಕಾರ್ಯಕರ್ತರೇ ಚರಕ ಹೇಳಿದ ನಾಲ್ಕನೆಯ ಸ್ಥಾನವನ್ನು ತುಂಬಬಲ್ಲವರು, ಸ್ಟಂಪಿನ ಪರೀಕ್ಷೆಯಲ್ಲೂ ವ್ಯಾಯಾಮದಲ್ಲೂ ಅವರಿಗೆ ತರಬೇತಿ ದೊರೆತರೆ. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾಗಿ ಕೃತಕಾಂಗ ತಜ್ಞರನ್ನು ತರಬೇತುಗೊಳಿಸುತ್ತಿರುವ ಮೊಬಿಲಿಟಿ ಇಂಡಿಯಾದಂತಹ ಸಂಸ್ಥೆಗಳೂ, 1984ರಲ್ಲಿ ಸ್ಥಾಪನೆಯಾಗಿ, ಎಚ್.ಡಿ.ಕೋಟೆಯ ಕಾಡಂಚಿನ ಜನರ ನಡುವೆ ವೈದ್ಯಕೀಯ ಸೇವೆಯಲ್ಲಿ ತೊಡಗಿ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂತಹ ಸಂಸ್ಥೆಗಳೂ ನಾಡಿನಲ್ಲಿರುವಾಗ, ತಿಳಿವಿಗೂ ಅನುಭವಕ್ಕೂ ಕೊರತೆಯಿಲ್ಲ.

ಕೊರತೆ ಇರುವುದು ದಾನವನ್ನು ಅಳೆಯುವ ಕ್ರಮದಲ್ಲಿ. ಎಷ್ಟು ಕಾಲುಗಳನ್ನು ಕೊಡಲಾಯಿತೆಂದು ಲೆಕ್ಕವಿಡುವ ಬದಲು, ಕೊಟ್ಟು ಒಂದು ವರ್ಷವಾದ ಮೇಲೆ ಎಷ್ಟು ಮಂದಿ ಅವನ್ನು ಧರಿಸಿ ನಡೆಯುತ್ತಿದ್ದಾರೆಂದು ಲೆಕ್ಕವಿಡಬೇಕು. ಶಿಬಿರಕ್ಕೆ ಸಂಗ್ರಹಿಸಿದ ಹಣದಲ್ಲಿ ಒಂದು ಪಾಲನ್ನು ಎರಡನೆಯ ಸಾಕೆಟ್ಟಿಗೂ ದುರಸ್ತಿಗೂ ಪ್ರಯಾಣದ ವೆಚ್ಚಕ್ಕೂ ಮೊದಲೇ ತೆಗೆದಿರಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ನಿಗದಿತ ದಿನ, ನಾಟಿ ಮತ್ತು ಬ್ಯಾರನ್ನಿನ ಬಿಡುವಿಲ್ಲದ ದಿನಗಳನ್ನು ಗಮನದಲ್ಲಿಟ್ಟು, ಫಿಸಿಯೋಥೆರಪಿಸ್ಟ್ ಮತ್ತು ಕೃತಕಾಂಗ ತಂತ್ರಜ್ಞರು ಸಿಗುವಂತಾಗಬೇಕು. ಮಠಗಳು, ಬಸದಿಗಳು, ದೇವಸ್ಥಾನಗಳು, ಮಸೀದಿ ಚರ್ಚುಗಳು, ಸೇವಾಸಂಸ್ಥೆಗಳು ಹೊಸ ಶಿಬಿರವೊಂದನ್ನು ಘೋಷಿಸುವ ಮೊದಲು ಹಿಂದಿನ ಶಿಬಿರದಲ್ಲಿ ಕಾಲು ಪಡೆದವರ ಮನೆಗಳಿಗೆ ಹೋಗಿ ವಿಚಾರಿಸಲಿ. ಪಡೆದವರು ನಡೆಯುವವರೆಗೆ ಕೊಟ್ಟವರ ದಾನ ಮುಗಿದಿಲ್ಲ.